ಪರಮಾಣು ಲೆಕ್ಕ ಸರಿ, ಆದರೂ ಸಮೀಕರಣ ತಪ್ಪು: ಎಲೆಕ್ಟ್ರಾನ್ ಕೊಟ್ಟವರು ಯಾರು?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಆಮ್ಲೀಯ ಮಾಧ್ಯಮದಲ್ಲಿ ಪರ್ಮಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ವರ್ತಿಸುವ ಸಮೀಕರಣವನ್ನು ಪರಮಾಣು ಎಣಿಸುತ್ತಾ ಸರಿದೂಗಿಸಿದೆ. ನನಗೆ 2 ಪರ್ಮಾಂಗನೇಟ್‌ಗೆ 1 ಪೆರಾಕ್ಸೈಡ್ ಬಂತು, ಗೆಳತಿಗೆ 2ಕ್ಕೆ 3 ಬಂತು, ಪುಸ್ತಕದಲ್ಲಿ 2ಕ್ಕೆ 5 ಇದೆ. ಮೂರರಲ್ಲೂ ಪರಮಾಣುಗಳು ಸರಿ, ಆವೇಶವೂ ಸರಿ. ಹಾಗಿದ್ದರೆ ನಮ್ಮದು ತಪ್ಪು ಹೇಗೆ? ಎಲೆಕ್ಟ್ರಾನ್ ಲೆಕ್ಕ ಹಾಕುವ ವಿಧಾನ ಕಲಿಯಲೇಬೇಕೆ?

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ಮೊದಲು ಮೂರನ್ನೂ ಒಟ್ಟಿಗೆ ಬರೆದುಕೊಳ್ಳೋಣ. ಇಲ್ಲಿ ಸಂಕೇತಗಳ ಜಾಗದಲ್ಲಿ ಹೆಸರುಗಳನ್ನೇ ಹಾಕಿದ್ದೇನೆ, ನೋಟ್‌ಬುಕ್ಕಿನಲ್ಲಿ ನೀವು ಸಂಕೇತ ಹಾಕಿಕೊಳ್ಳಿ. ಪರ್ಮಾಂಗನೇಟ್ ಅಯಾನಿನಲ್ಲಿ ಒಂದು ಮ್ಯಾಂಗನೀಸ್, ನಾಲ್ಕು ಆಕ್ಸಿಜನ್, −1 ಆವೇಶ. ಮ್ಯಾಂಗನಸ್ ಎಂದರೆ +2 ಆವೇಶದ ಮ್ಯಾಂಗನೀಸ್ ಅಯಾನು. ಪೆರಾಕ್ಸೈಡ್ ಎಂದರೆ ಎರಡು ಹೈಡ್ರೋಜನ್, ಎರಡು ಆಕ್ಸಿಜನ್ ಇರುವ ಅಣು. ಆಕ್ಸಿಜನ್ ಎಂದು ಸಮೀಕರಣದಲ್ಲಿ ಬಂದರೆ ಎರಡು ಪರಮಾಣುಗಳ ಅನಿಲ.

(ಅ) 2 ಪರ್ಮಾಂಗನೇಟ್ + 1 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನಸ್ + 3 ಆಕ್ಸಿಜನ್ + 4 ನೀರು

(ಆ) 2 ಪರ್ಮಾಂಗನೇಟ್ + 3 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನಸ್ + 4 ಆಕ್ಸಿಜನ್ + 6 ನೀರು

(ಇ) 2 ಪರ್ಮಾಂಗನೇಟ್ + 5 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನಸ್ + 5 ಆಕ್ಸಿಜನ್ + 8 ನೀರು

ನಿಮ್ಮ (ಅ)ದಲ್ಲಿ ಎಡಕ್ಕೆ ಆಕ್ಸಿಜನ್ ಪರಮಾಣು 8 ಮತ್ತು 2, ಒಟ್ಟು 10. ಬಲಕ್ಕೆ 6 ಮತ್ತು 4, ಒಟ್ಟು 10. ಹೈಡ್ರೋಜನ್ ಎರಡೂ ಕಡೆ 8. ಆವೇಶ ಎಡಕ್ಕೆ −2 ಮತ್ತು +6 ಸೇರಿ +4, ಬಲಕ್ಕೂ +4. ಎಲ್ಲ ತಾಳೆಯಾಗುತ್ತದೆ. ಇಷ್ಟೇ ಅಲ್ಲ, 2ಕ್ಕೆ 7 ಪೆರಾಕ್ಸೈಡ್ ಹಾಕಿ, ಬಲಕ್ಕೆ 6 ಆಕ್ಸಿಜನ್, 10 ನೀರು ಬರೆಯಿರಿ. ಅದೂ ಸರಿಹೋಗುತ್ತದೆ. 9, 11, 13, ಎಷ್ಟು ಬೇಕಾದರೂ ಹೋಗಬಹುದು.

ಇದರ ಗುಟ್ಟು (ಆ)ದಿಂದ (ಅ)ವನ್ನು ಕಳೆದರೆ ಹೊರಬೀಳುತ್ತದೆ. ಉಳಿಯುವುದು ಇಷ್ಟು:

2 ಪೆರಾಕ್ಸೈಡ್ → 1 ಆಕ್ಸಿಜನ್ + 2 ನೀರು

ಇದು ಪೆರಾಕ್ಸೈಡ್ ತನ್ನಷ್ಟಕ್ಕೆ ಒಡೆಯುವ ಕ್ರಿಯೆ. ತಾನೇ ಸರಿದೂಗಿರುವ, ಪರ್ಮಾಂಗನೇಟ್‌ನ ಹಂಗೇ ಇಲ್ಲದ ಬೇರೆ ಸಮೀಕರಣ. ಸರಿದೂಗಿದ ಒಂದಕ್ಕೆ ಸರಿದೂಗಿದ ಇನ್ನೊಂದನ್ನು ಎಷ್ಟು ಸಲ ಕೂಡಿಸಿದರೂ ಮೊತ್ತ ಸರಿದೂಗಿಯೇ ಇರುತ್ತದೆ. ಗಣಿತದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪದಾರ್ಥಗಳು ಆರು, ಅಂದರೆ ಅಜ್ಞಾತ ಸಹಗುಣಕಗಳು ಆರು. ಷರತ್ತುಗಳು ನಾಲ್ಕೇ: ಮ್ಯಾಂಗನೀಸ್, ಆಕ್ಸಿಜನ್, ಹೈಡ್ರೋಜನ್, ಆವೇಶ. ಇಡೀ ಸಮೀಕರಣವನ್ನು ಒಂದೇ ಸಂಖ್ಯೆಯಿಂದ ಗುಣಿಸುವ ಸ್ವಾತಂತ್ರ್ಯ ಹೇಗೂ ಇದ್ದೇ ಇದೆ. ಅದನ್ನು ಬಿಟ್ಟರೂ ಒಂದು ಅನುಪಾತ ನಿರ್ಧಾರವಾಗದೆ ಉಳಿದುಬಿಡುತ್ತದೆ. ಆ ಉಳಿದ ಒಂದನ್ನು ನೀವು ಒಂದು ಕಡೆ ಹಿಡಿದಿರಿ, ಗೆಳತಿ ಇನ್ನೊಂದು ಕಡೆ.

ಪರ್ಮಾಂಗನೇಟ್ ಜೊತೆ ಆಕ್ಸಲಿಕ್ ಆಮ್ಲ ತೆಗೆದುಕೊಂಡಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಅಲ್ಲೂ ಪದಾರ್ಥಗಳು ಆರೇ, ಆದರೆ ಕಾರ್ಬನ್ ಎಂಬ ಐದನೆಯ ಷರತ್ತು ಸೇರುವುದರಿಂದ 2ಕ್ಕೆ 5 ಎಂಬ ಒಂದೇ ಉತ್ತರ ಬರುತ್ತದೆ. ಪೆರಾಕ್ಸೈಡ್‌ನಲ್ಲಿ ಹಾಗಲ್ಲ. ಎಲೆಕ್ಟ್ರಾನ್ ಕೊಡುವುದೂ ಆಕ್ಸಿಜನ್, ನೀರಿನಲ್ಲಿರುವುದೂ ಆಕ್ಸಿಜನ್, ಪರ್ಮಾಂಗನೇಟ್ ಹೊತ್ತು ತಂದದ್ದೂ ಆಕ್ಸಿಜನ್. ಎಣಿಸುವಾಗ ಮೂರೂ ಒಂದೇ ರಾಶಿಗೆ ಬೀಳುತ್ತವೆ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. "(ಅ)ದಲ್ಲಿ ಎಲೆಕ್ಟ್ರಾನ್ ಸರಿದೂಗುವುದಿಲ್ಲ, ಅದಕ್ಕೇ ತಪ್ಪು" ಎಂದು ಹೇಳಿಬಿಡುತ್ತಾರೆ. ಅದು ನಿಜವಲ್ಲ. ಪರಮಾಣು ಮತ್ತು ಆವೇಶ ಸರಿಯಿದ್ದರೆ ಎಲೆಕ್ಟ್ರಾನ್ ಮೊತ್ತ ತಾನಾಗಿಯೇ ಸರಿ ಬರುತ್ತದೆ. ಉತ್ಕರ್ಷಣ ಸಂಖ್ಯೆಯಲ್ಲಿ (ಎಲೆಕ್ಟ್ರಾನ್ ಲೆಕ್ಕಕ್ಕೆಂದು ಪ್ರತಿ ಪರಮಾಣುವಿಗೆ ಕೊಡುವ ಅಂಕಿ) ಎರಡು ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುತ್ತವೆ, 10 ಎಲೆಕ್ಟ್ರಾನ್ ಪಡೆಯುತ್ತವೆ. ಎಡಗಡೆ ಆಕ್ಸಿಜನ್‌ಗಳ ಉತ್ಕರ್ಷಣ ಸಂಖ್ಯೆಗಳ ಮೊತ್ತ −18, ಬಲಗಡೆ −8, ಅಂದರೆ 10 ಎಲೆಕ್ಟ್ರಾನ್ ಹೋಗಿವೆ. ಮೊತ್ತ ಸರಿಯೇ. ಕೇಳಬೇಕಾದದ್ದು, ಆ ಹತ್ತನ್ನು ಯಾರು ಕೊಟ್ಟರು?

ಪೆರಾಕ್ಸೈಡ್‌ನಲ್ಲಿ ಪ್ರತಿ ಆಕ್ಸಿಜನ್ −1ರಲ್ಲಿದೆ, ಅನಿಲವಾದಾಗ 0. ಹಾಗಾಗಿ ಒಂದು ಅಣು ಕೊಡಬಲ್ಲದ್ದು ಎರಡೇ ಎಲೆಕ್ಟ್ರಾನ್. ನಿಮ್ಮ (ಅ)ದಲ್ಲಿ ಒಂದೇ ಪೆರಾಕ್ಸೈಡ್ ಇದೆ, ಅದು ಎರಡು ಕೊಟ್ಟಿತು. ಉಳಿದ ಎಂಟು −2ರಲ್ಲಿದ್ದ ಆಕ್ಸಿಜನ್‌ಗಳಿಂದ ಬಂದಿರಬೇಕು, ಎಂದರೆ ನೀರಿನ ಅಥವಾ ಪರ್ಮಾಂಗನೇಟ್‌ನದೇ ಆಕ್ಸಿಜನ್‌ಗಳಿಂದ. ಬಿಡಿಸಿ ಹೇಳಿದರೆ, ಪರ್ಮಾಂಗನೇಟ್ ನೀರನ್ನೇ ಉತ್ಕರ್ಷಿಸಿ (ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡು) ಅನಿಲ ಹೊರಡಿಸಿತು ಎಂದು ನೀವು ಗೊತ್ತಿಲ್ಲದೆಯೇ ಬರೆದಿದ್ದೀರಿ. ಗೆಳತಿಯ (ಆ)ದಲ್ಲಿ ಪೆರಾಕ್ಸೈಡ್ ಆರು ಕೊಟ್ಟಿದೆ, ನೀರಿನ ಪಾಲು ನಾಲ್ಕು. (ಇ)ದಲ್ಲಿ ಐದು ಪೆರಾಕ್ಸೈಡ್ ಹತ್ತನ್ನೂ ಕೊಟ್ಟಿವೆ, ಬೇರೆಯವರು ಕೈಹಾಕಿಲ್ಲ. 2ಕ್ಕೆ 7ರ ಸಮೀಕರಣದಲ್ಲಿ ಐದು ಪೆರಾಕ್ಸೈಡ್ ಪರ್ಮಾಂಗನೇಟ್‌ಗೆ ಕೊಟ್ಟವು, ಮಿಕ್ಕ ಎರಡು ತಮ್ಮತಮ್ಮಲ್ಲೇ ಕೊಟ್ಟುಕೊಂಡವು.

ಪರ್ಮಾಂಗನೇಟ್ ನೀರನ್ನು ಉತ್ಕರ್ಷಿಸುವುದು ಅಸಾಧ್ಯವೇನಲ್ಲ. ಆಮ್ಲದಲ್ಲಿ ಅದರ ಪ್ರಮಾಣಿತ ವಿಭವ (ಎಲೆಕ್ಟ್ರಾನ್ ಸೆಳೆಯುವ ಒಲವಿನ ಅಳತೆ, ಹೆಚ್ಚಿದ್ದಷ್ಟೂ ಸೆಳೆತ ಹೆಚ್ಚು) 1.51 ವೋಲ್ಟ್, ಆಕ್ಸಿಜನ್–ನೀರು ಜೋಡಿಯದು 1.23. ಆದರೆ ಆ ಕ್ರಿಯೆ ತೀರಾ ನಿಧಾನ. ದ್ರಾವಣವನ್ನು ಕಂದು ಬಣ್ಣದ ಬಾಟಲಿಯಲ್ಲಿ, ಬೆಳಕು ತಾಗದಂತೆ ಇಡುವುದು ಆ ನಿಧಾನದ ಸವೆತವನ್ನೂ ತಡೆಯಲಿಕ್ಕೆ. ಟೈಟ್ರೇಶನ್ (ಸಾರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದನ್ನು ಅಳೆಯುವ ಪ್ರಯೋಗ) ನಡೆಯುವ ಕೆಲವು ನಿಮಿಷಗಳಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಭಾರದ ಆಕ್ಸಿಜನ್ (ಆಕ್ಸಿಜನ್-18) ಸೇರಿಸಿದ ಪೆರಾಕ್ಸೈಡ್ ಬಳಸಿ ನಡೆಸಿದ ಪ್ರಯೋಗಗಳೂ ಇದನ್ನೇ ತೋರಿಸಿವೆ: ಹೊರಬರುವ ಅನಿಲದ ಎರಡೂ ಪರಮಾಣುಗಳು ಪೆರಾಕ್ಸೈಡ್‌ನವು.

ಈಗ ತಪ್ಪು ಸಮೀಕರಣಕ್ಕೆ ಬೆಲೆ ಎಷ್ಟು ತೆರಬೇಕಾಗುತ್ತದೆ ನೋಡಿ. ಔಷಧಿ ಅಂಗಡಿಯಲ್ಲಿ ಸಿಗುವ "10 ವಾಲ್ಯೂಮ್" ಪೆರಾಕ್ಸೈಡ್ ಸುಮಾರು ಶೇ 3ರ ದ್ರಾವಣ, ಮೋಲಾರಿಟಿ (ಲೀಟರಿಗೆ ಎಷ್ಟು ಮೋಲ್ ಎಂಬುದು) 0.893 (ವಾಲ್ಯೂಮ್ ಸಂಖ್ಯೆಯನ್ನು 11.2ರಿಂದ ಭಾಗಿಸಿದರೆ ಮೋಲಾರಿಟಿ). ಅದರಲ್ಲಿ 10 ಮಿ.ಲೀ. ತೆಗೆದು 250 ಮಿ.ಲೀ.ಗೆ ಏರಿಸಿ. 25 ಮಿ.ಲೀ. ಪಿಪೆಟ್ ಮಾಡಿದರೆ ಫ್ಲಾಸ್ಕಿನಲ್ಲಿ ಇರುವುದು ಮೂಲ ದ್ರಾವಣದ 1 ಮಿ.ಲೀ., ಅಂದರೆ 0.893 ಮಿಲಿಮೋಲ್. 0.02 ಮೋಲಾರ್ ಪರ್ಮಾಂಗನೇಟ್ (ಲೀಟರಿಗೆ 3.16 ಗ್ರಾಂ) ಬ್ಯುರೆಟ್‌ನಿಂದ ಬಿಟ್ಟರೆ ಸುಮಾರು 17.9 ಮಿ.ಲೀ. ಹಿಡಿಯುತ್ತದೆ. (ಇ)ದ ಪ್ರಕಾರ ಪ್ರತಿ ಮಿ.ಲೀ. ಪರ್ಮಾಂಗನೇಟ್ 1.70 ಮಿಲಿಗ್ರಾಂ ಪೆರಾಕ್ಸೈಡ್‌ಗೆ ಸಮ. 17.9ನ್ನು 1.70ರಿಂದ ಗುಣಿಸಿದರೆ 30.4 ಮಿಲಿಗ್ರಾಂ, ಎಂದರೆ ಶೇ 3.04. ಚೀಟಿಯ ಮೇಲಿರುವ ಅಂಕಿಗೆ ಹೊಂದುತ್ತದೆ. ಅದೇ 17.9 ಮಿ.ಲೀ.ಯನ್ನು ನಿಮ್ಮ (ಅ)ಕ್ಕೆ ಹಾಕಿದರೆ ಶೇ 0.6, ಗೆಳತಿಯ (ಆ)ಕ್ಕೆ ಹಾಕಿದರೆ ಶೇ 1.8. ಅಂಗಡಿಯವರು ನೀರು ಬೆರೆಸಿದ್ದಾರೆ ಎಂದು ಜಗಳಕ್ಕೆ ಹೋಗಬೇಕಾದೀತು!

ಅನಿಲ ಅಳೆದರೂ ಉತ್ತರ ಒಂದೇ. 10 ವಾಲ್ಯೂಮ್ ಪೆರಾಕ್ಸೈಡ್ ತಾನಾಗಿ ಒಡೆದರೆ 1 ಮಿ.ಲೀ.ಗೆ 10 ಮಿ.ಲೀ. ಆಕ್ಸಿಜನ್ (ಪ್ರಮಾಣಿತ ತಾಪ, ಒತ್ತಡದಲ್ಲಿ). ಆಮ್ಲೀಕರಿಸಿದ ಪರ್ಮಾಂಗನೇಟ್ ಜೊತೆ (ಇ)ದ ಪ್ರಕಾರ 20 ಮಿ.ಲೀ. ಬರಬೇಕು, ಬರುವುದೂ ಅಷ್ಟೇ. (ಅ) ನಿಜವಾಗಿದ್ದರೆ 60 ಮಿ.ಲೀ. ಬರಬೇಕಿತ್ತು.

ವಿಧಾನ ಹೇಗೆ ಎಂಬುದಕ್ಕೆ ಬರೋಣ. ನನ್ನ ಸಲಹೆ ಅರ್ಧಕ್ರಿಯೆಯ ವಿಧಾನ. ಉತ್ಕರ್ಷಣ ಸಂಖ್ಯೆಯ ವಿಧಾನ ಪರೀಕ್ಷೆಯಲ್ಲಿ ಬೇಗ ಮುಗಿಯುತ್ತದೆ ನಿಜ, ಆದರೆ ಕೊಟ್ಟವರು ಮತ್ತು ಪಡೆದವರು ಬೇರೆಬೇರೆ ಸಾಲಿನಲ್ಲಿ ಕಣ್ಣೆದುರು ನಿಲ್ಲುವುದು ಅರ್ಧಕ್ರಿಯೆಯಲ್ಲಿ ಮಾತ್ರ. ನಿಮ್ಮಂಥ ಗೊಂದಲ ಅಲ್ಲಿ ಹುಟ್ಟುವುದೇ ಇಲ್ಲ.

ಮೊದಲು ಪೊಟ್ಯಾಸಿಯಂ, ಸಲ್ಫೇಟ್‌ಗಳಂಥ ಪ್ರೇಕ್ಷಕ ಅಯಾನುಗಳನ್ನು ಬದಿಗಿಟ್ಟು ಬದಲಾಗುವವರನ್ನಷ್ಟೇ ಜೋಡಿಜೋಡಿಯಾಗಿ ಬರೆಯಿರಿ: ಪರ್ಮಾಂಗನೇಟ್ → ಮ್ಯಾಂಗನಸ್, ಪೆರಾಕ್ಸೈಡ್ → ಆಕ್ಸಿಜನ್. ಎರಡನೆಯ ಜೋಡಿ ಬರೆದ ಕ್ಷಣವೇ "ಅನಿಲ ಬರುವುದು ಪೆರಾಕ್ಸೈಡ್‌ನಿಂದ, ನೀರಿನಿಂದಲ್ಲ" ಎಂಬ ತೀರ್ಮಾನವನ್ನು ನೀವು ದಾಖಲಿಸಿದಂತೆ. ಬರೀ ಪರಮಾಣು ಎಣಿಸುವಾಗ ಕೈತಪ್ಪಿದ್ದ ಐದನೆಯ ಷರತ್ತು ಇದೇ.

ಆಮೇಲೆ ಪ್ರತಿ ಸಾಲನ್ನು ಒಂದೇ ಕ್ರಮದಲ್ಲಿ ಸರಿಪಡಿಸಿ. ಆಕ್ಸಿಜನ್, ಹೈಡ್ರೋಜನ್ ಬಿಟ್ಟು ಉಳಿದ ಧಾತುಗಳು ಮೊದಲು. ನಂತರ ಆಕ್ಸಿಜನ್ ಕಡಿಮೆ ಇರುವ ಕಡೆ ಅಷ್ಟು ನೀರು. ನಂತರ ಹೈಡ್ರೋಜನ್ ಕಡಿಮೆ ಇರುವ ಕಡೆ ಅಷ್ಟು ಹೈಡ್ರೋಜನ್ ಅಯಾನು. ಎಲೆಕ್ಟ್ರಾನ್ ಕಟ್ಟಕಡೆಗೆ, ಆವೇಶದ ವ್ಯತ್ಯಾಸ ನೋಡಿಕೊಂಡು. ಈ ಕ್ರಮ ತಪ್ಪಿಸಬೇಡಿ. ಎಲೆಕ್ಟ್ರಾನ್ ಮೊದಲೇ ಹಾಕಿ ಆಮೇಲೆ ಹೈಡ್ರೋಜನ್ ಅಯಾನು ಸೇರಿಸಿದರೆ ಆವೇಶ ಮತ್ತೆ ಕೆಡುತ್ತದೆ.

ಪರ್ಮಾಂಗನೇಟ್ ಸಾಲಿನಲ್ಲಿ ಎಡಕ್ಕೆ ನಾಲ್ಕು ಆಕ್ಸಿಜನ್, ಹಾಗಾಗಿ ಬಲಕ್ಕೆ 4 ನೀರು. ಅದರ ಎಂಟು ಹೈಡ್ರೋಜನ್‌ಗೆ ಎಡಕ್ಕೆ 8 ಹೈಡ್ರೋಜನ್ ಅಯಾನು. ಈಗ ಎಡಗಡೆ ಆವೇಶ −1 ಮತ್ತು +8 ಸೇರಿ +7, ಬಲಗಡೆ +2. ಎಡಕ್ಕೆ 5 ಎಲೆಕ್ಟ್ರಾನ್ ಬೇಕು.

ಪರ್ಮಾಂಗನೇಟ್ + 8 ಹೈಡ್ರೋಜನ್ ಅಯಾನು + 5 ಎಲೆಕ್ಟ್ರಾನ್ → ಮ್ಯಾಂಗನಸ್ + 4 ನೀರು

ಪೆರಾಕ್ಸೈಡ್ → ಆಕ್ಸಿಜನ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್

ಐದು ಮತ್ತು ಎರಡರ ಲ.ಸಾ.ಅ. 10. ಮೊದಲ ಸಾಲನ್ನು 2ರಿಂದ, ಎರಡನೆಯದನ್ನು 5ರಿಂದ ಗುಣಿಸಿ ಕೂಡಿಸಿ. ಎಡಕ್ಕೆ 16 ಹೈಡ್ರೋಜನ್ ಅಯಾನು, ಬಲಕ್ಕೆ 10, ಹೊಡೆದುಹಾಕಿದರೆ ಎಡಕ್ಕೆ 6. ಬಂದದ್ದು (ಇ). ಪೂರ್ಣ ಅಣು ಸಮೀಕರಣ ಬೇಕಿದ್ದರೆ ಬದಿಗಿಟ್ಟ ಪ್ರೇಕ್ಷಕರನ್ನು ವಾಪಸ್ ಕರೆಯಿರಿ. ಆರು ಹೈಡ್ರೋಜನ್ ಅಯಾನು ಎಂದರೆ ಮೂರು ಸಲ್ಫ್ಯೂರಿಕ್ ಆಮ್ಲ, ಅದರ ಮೂರು ಸಲ್ಫೇಟ್‌ನಲ್ಲಿ ಎರಡು ಮ್ಯಾಂಗನೀಸ್ ಜೊತೆ, ಒಂದು ಪೊಟ್ಯಾಸಿಯಂ ಜೊತೆ:

2 ಪೊಟ್ಯಾಸಿಯಂ ಪರ್ಮಾಂಗನೇಟ್ + 5 ಪೆರಾಕ್ಸೈಡ್ + 3 ಸಲ್ಫ್ಯೂರಿಕ್ ಆಮ್ಲ → 1 ಪೊಟ್ಯಾಸಿಯಂ ಸಲ್ಫೇಟ್ + 2 ಮ್ಯಾಂಗನೀಸ್ ಸಲ್ಫೇಟ್ + 5 ಆಕ್ಸಿಜನ್ + 8 ನೀರು

ಮುಗಿದ ಮೇಲೆ ಆವೇಶ ಒಮ್ಮೆ ಕೂಡಿಸಿ ನೋಡುವ ಅಭ್ಯಾಸ ಇರಲಿ. ಫೆರಸ್ ಲವಣದ ಸಮೀಕರಣದಲ್ಲಿ 1 ಪರ್ಮಾಂಗನೇಟ್‌ಗೆ 1 ಫೆರಸ್, 8 ಹೈಡ್ರೋಜನ್ ಅಯಾನು ಎಂದು ಬರೆದು ಬಿಡುವವರು ಬಹಳ ಮಂದಿ. ಪರಮಾಣು ಅಲ್ಲೂ ಸರಿಯಾಗಿಯೇ ಕಾಣುತ್ತವೆ. ಆವೇಶ ಮಾತ್ರ ಎಡಕ್ಕೆ +9, ಬಲಕ್ಕೆ +5. ಆ ನಾಲ್ಕರ ಅಂತರ ತುಂಬಲು ಇನ್ನೂ ನಾಲ್ಕು ಫೆರಸ್ ಬೇಕು. ಒಟ್ಟು ಐದಾದಾಗಲೇ ಲೆಕ್ಕ ಮುಗಿಯುತ್ತದೆ.

ಇನ್ನು ಉತ್ತರ ಪತ್ರಿಕೆಗಳಲ್ಲಿ ಕಾಣುವ ತಪ್ಪುಗಳು. ಎಲ್ಲಕ್ಕಿಂತ ಹೆಚ್ಚಿನದು ಪರಮಾಣುವಿನ ಲೆಕ್ಕವನ್ನು ಅಣುವಿನ ಲೆಕ್ಕ ಎಂದುಕೊಳ್ಳುವುದು. ಡೈಕ್ರೋಮೇಟ್‌ನಲ್ಲಿ ಕ್ರೋಮಿಯಂ +6ರಿಂದ +3ಕ್ಕೆ ಇಳಿಯುತ್ತದೆ, ವ್ಯತ್ಯಾಸ 3. ಆದರೆ ಒಂದು ಡೈಕ್ರೋಮೇಟ್‌ನಲ್ಲಿ ಕ್ರೋಮಿಯಂ ಎರಡು, ಆದ್ದರಿಂದ ಎಲೆಕ್ಟ್ರಾನ್ 6. ಆಕ್ಸಲೇಟ್‌ನಲ್ಲಿ ಕಾರ್ಬನ್ ತಲಾ 1, ಒಟ್ಟು 2. ಪೆರಾಕ್ಸೈಡ್‌ನಲ್ಲೂ ಹಾಗೆಯೇ. ಅಲ್ಲಿ ಎರಡರಿಂದ ಗುಣಿಸಲು ಮರೆತವರು 1 ಪರ್ಮಾಂಗನೇಟ್‌ಗೆ 5 ಪೆರಾಕ್ಸೈಡ್ ಹಾಕಿ, ಬಲಕ್ಕೆ 5 ಆಕ್ಸಿಜನ್ ಬರೆದು, ಕೊನೆಗೆ ಪರಮಾಣು, ಆವೇಶ ಎರಡೂ ಒಟ್ಟಿಗೆ ತಾಳೆಯಾಗದೆ ಒದ್ದಾಡುತ್ತಾರೆ.

ಎರಡನೆಯದು, ಒಂದೇ ಪದಾರ್ಥ ಎರಡು ಕೆಲಸ ಮಾಡುವಾಗ ಆಗುವ ತಪ್ಪು. ತಾಮ್ರ ಮತ್ತು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲವನ್ನೇ ನೋಡಿ. ತಾಮ್ರ 2 ಕೊಡುತ್ತದೆ, ನೈಟ್ರೋಜನ್ +5ರಿಂದ +2ಕ್ಕೆ ಇಳಿದು 3 ಪಡೆಯುತ್ತದೆ. ಲ.ಸಾ.ಅ. 6, ಹಾಗಾಗಿ 3 ತಾಮ್ರ, 2 ನೈಟ್ರಿಕ್ ಆಮ್ಲ. ಇಷ್ಟಕ್ಕೇ ನಿಲ್ಲಿಸಿದರೆ ಸಮೀಕರಣ ಸರಿಹೋಗುವುದಿಲ್ಲ. ಆ ಎರಡು ಎಲೆಕ್ಟ್ರಾನ್ ಪಡೆದ ನೈಟ್ರೇಟ್‌ಗಳು ಮಾತ್ರ. ಮೂರು ತಾಮ್ರದ ಅಯಾನುಗಳ ಜೊತೆ ಲವಣವಾಗಿ ಕೂರಲು ಇನ್ನೂ ಆರು ನೈಟ್ರೇಟ್ ಬೇಕು. ಒಟ್ಟು 8 ನೈಟ್ರಿಕ್ ಆಮ್ಲ, ಬಲಕ್ಕೆ 3 ತಾಮ್ರದ ನೈಟ್ರೇಟ್, 2 ನೈಟ್ರಿಕ್ ಆಕ್ಸೈಡ್, 4 ನೀರು. ಅಯಾನು ರೂಪದಲ್ಲಿ ಬರೆದರೆ ಇದು ತಾನಾಗಿ ಬಿಡಿಸಿಕೊಳ್ಳುತ್ತದೆ: 2 ನೈಟ್ರೇಟ್, 8 ಹೈಡ್ರೋಜನ್ ಅಯಾನು. ಎರಡು ಸಂಖ್ಯೆ ಬೇರೆ ಇರುವುದೇ ಸುಳಿವು. ಪರ್ಮಾಂಗನೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 16 ಬರುವುದೂ ಹೀಗೆಯೇ, ಉತ್ಕರ್ಷಣ ಹೊಂದುವುದು ಅದರಲ್ಲಿ 10 ಮಾತ್ರ.

ಮೂರನೆಯದು ಮಾಧ್ಯಮ. ಪ್ರತ್ಯಾಮ್ಲೀಯ ಎಂದು ಪ್ರಶ್ನೆಯಲ್ಲಿದ್ದರೂ ಉತ್ತರದಲ್ಲಿ ಹೈಡ್ರೋಜನ್ ಅಯಾನನ್ನು ಹಾಗೆಯೇ ಉಳಿಸಿಬಿಡುತ್ತಾರೆ. ಹೊಸ ವಿಧಾನವೇನೂ ಬೇಡ. ಆಮ್ಲೀಯದಂತೆಯೇ ಮುಗಿಸಿ, ಎಷ್ಟು ಹೈಡ್ರೋಜನ್ ಅಯಾನು ಇವೆಯೋ ಅಷ್ಟೇ ಹೈಡ್ರಾಕ್ಸೈಡ್ ಎರಡೂ ಕಡೆ ಸೇರಿಸಿ. ಎರಡೂ ಕೂಡಿದ ಕಡೆ ನೀರಾಗುತ್ತದೆ, ಎರಡೂ ಬದಿಯ ನೀರನ್ನು ಹೊಡೆದುಹಾಕಿ. ಕೋಲಾರದ ಚಿನ್ನದ ಗಣಿಗಳ ಪಕ್ಕ ಬೆಳೆದು ನಿಂತಿರುವ ಸಯನೈಡ್ ದಿಬ್ಬಗಳ (ಸಯನೈಡ್‌ನಿಂದ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ಹಿಂದಿರುವ ಕ್ರಿಯೆಗೆ ಇದನ್ನು ಹಾಕಿ ನೋಡಿ. ಚಿನ್ನ ಎರಡು ಸಯನೈಡ್ ಹಿಡಿದುಕೊಂಡು ಒಂದು ಎಲೆಕ್ಟ್ರಾನ್ ಬಿಡುತ್ತದೆ. ಅದನ್ನು ಪಡೆಯುವುದು ಗಾಳಿಯ ಆಕ್ಸಿಜನ್. ಆಮ್ಲೀಯದಂತೆ ಬರೆದರೆ ಆಕ್ಸಿಜನ್ + 4 ಹೈಡ್ರೋಜನ್ ಅಯಾನು + 4 ಎಲೆಕ್ಟ್ರಾನ್ → 2 ನೀರು. ಎರಡೂ ಕಡೆ 4 ಹೈಡ್ರಾಕ್ಸೈಡ್ ಸೇರಿಸಿ ನೀರು ಕಳೆದರೆ, ಆಕ್ಸಿಜನ್ + 2 ನೀರು + 4 ಎಲೆಕ್ಟ್ರಾನ್ → 4 ಹೈಡ್ರಾಕ್ಸೈಡ್. ಚಿನ್ನದ ಸಾಲನ್ನು 4ರಿಂದ ಗುಣಿಸಿ ಕೂಡಿಸಿ:

4 ಚಿನ್ನ + 8 ಸಯನೈಡ್ + 1 ಆಕ್ಸಿಜನ್ + 2 ನೀರು → 4 ಚಿನ್ನದ ಸಯನೈಡ್ ಸಂಕೀರ್ಣ ಅಯಾನು + 4 ಹೈಡ್ರಾಕ್ಸೈಡ್

ಆವೇಶ ಎರಡೂ ಕಡೆ −8. ಇಲ್ಲಿ ಹೈಡ್ರೋಜನ್ ಅಯಾನನ್ನು ಹಾಗೆಯೇ ಉಳಿಸಿಬಿಟ್ಟರೆ ಅಂಕ ಹೋಗುವುದು ಸಣ್ಣ ವಿಷಯ. ಸಯನೈಡ್ ಇರುವ ಪಾತ್ರೆಯಲ್ಲಿ ಆಮ್ಲ ಇದೆ ಎಂದು ಬರೆದಂತಾಯಿತು, ಅಂದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ. ಅದು ಹುಟ್ಟದಿರಲೆಂದೇ ಸುಣ್ಣ ಹಾಕಿ ಪಿಎಚ್ 10ರ ಮೇಲೆ ಇಡುತ್ತಾರೆ.

ಉತ್ಕರ್ಷಣ ಸಂಖ್ಯೆಯ ಬಗ್ಗೆ ಒಂದು ಮಾತು, ಏಕೆಂದರೆ ಅದನ್ನು ನಿಜವಾದ ಆವೇಶ ಎಂದುಕೊಂಡು ಹೆದರುವವರಿದ್ದಾರೆ. ಕಬ್ಬಿಣದ ಪೈರೈಟ್ ಗಾಳಿಯಲ್ಲಿ ಉರಿದು ಫೆರಿಕ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್ ಆಗುವುದನ್ನು ತೆಗೆದುಕೊಳ್ಳಿ. ಪೈರೈಟ್‌ನಲ್ಲಿ ಒಂದು ಕಬ್ಬಿಣ, ಎರಡು ಗಂಧಕ. ಕಬ್ಬಿಣ +2, ಗಂಧಕ ತಲಾ −1 ಎಂಬುದು ಒಪ್ಪಿತ ಲೆಕ್ಕ. ಕಬ್ಬಿಣ +3ಕ್ಕೆ ಏರಿದರೆ 1, ಗಂಧಕ +4ಕ್ಕೆ ಏರಿದರೆ ತಲಾ 5, ಒಟ್ಟು 11. ಈಗ ಬೇಕೆಂದೇ ತಪ್ಪು ಮಾಡಿ, ಗಂಧಕ −2, ಕಬ್ಬಿಣ +4 ಎನ್ನಿ. ಗಂಧಕದಿಂದ 12 ಹೋದವು, ಕಬ್ಬಿಣಕ್ಕೆ 1 ಬಂತು, ಒಟ್ಟು ಮತ್ತೆ 11. ಎಲ್ಲವೂ 0 ಎಂದರೂ 3 ಮತ್ತು 8, ಅದೇ 11. ಅಣುವಿನೊಳಗೆ ಹೇಗೆ ಹಂಚಿದರೂ ಒಟ್ಟು ಮೊತ್ತ ಅಣುವಿನ ಆವೇಶಕ್ಕೆ ಸಮವಾಗಿದ್ದರೆ ಸಾಕು, ಬಿಟ್ಟುಕೊಟ್ಟ ಎಲೆಕ್ಟ್ರಾನ್ ಬದಲಾಗುವುದಿಲ್ಲ. ಆಕ್ಸಿಜನ್ ಅಣು 4 ಪಡೆಯುತ್ತದೆ. ಲ.ಸಾ.ಅ. 44, ಆದ್ದರಿಂದ 4 ಪೈರೈಟ್‌ಗೆ 11 ಆಕ್ಸಿಜನ್, ಬಲಕ್ಕೆ 2 ಫೆರಿಕ್ ಆಕ್ಸೈಡ್, 8 ಸಲ್ಫರ್ ಡೈಆಕ್ಸೈಡ್. ಥಯೋಸಲ್ಫೇಟ್ ಟೆಟ್ರಾಥಯೋನೇಟ್ ಆಗುವಾಗ ಸರಾಸರಿ 2.5 ಎಂಬ ಅಪೂರ್ಣಾಂಕ ಬಂದರೂ ಹೆದರಬೇಕಿಲ್ಲ. ನಾಲ್ಕು ಗಂಧಕಕ್ಕೆ ಅರ್ಧರ್ಧ, ಒಟ್ಟು ಎರಡು ಎಲೆಕ್ಟ್ರಾನ್.

ಒಂದೇ ಪದಾರ್ಥ ಕೊಡುವುದೂ ಪಡೆಯುವುದೂ ಆದಾಗ ಅದನ್ನು ಎಡಗಡೆ ಎರಡು ಸಲ ಬರೆದುಕೊಳ್ಳಿ, ಕೊನೆಗೆ ಕೂಡಿಸಿ. ಬಿಸಿ ಕ್ಷಾರದಲ್ಲಿ ಕ್ಲೋರಿನ್‌ನ ಒಂದು ಭಾಗ ಕ್ಲೋರೇಟ್ ಆಗಿ ಪರಮಾಣುವಿಗೆ 5 ಕೊಡುತ್ತದೆ, ಇನ್ನೊಂದು ಭಾಗ ಕ್ಲೋರೈಡ್ ಆಗಿ 1 ಪಡೆಯುತ್ತದೆ. ಹಾಗಾಗಿ ಒಂದು ಕ್ಲೋರೇಟ್‌ಗೆ ಐದು ಕ್ಲೋರೈಡ್: 3 ಕ್ಲೋರಿನ್ + 6 ಹೈಡ್ರಾಕ್ಸೈಡ್ → 5 ಕ್ಲೋರೈಡ್ + 1 ಕ್ಲೋರೇಟ್ + 3 ನೀರು.

ಮತ್ತೆ ನಿಮ್ಮ ಪೆರಾಕ್ಸೈಡ್‌ಗೆ ಬರೋಣ, ಏಕೆಂದರೆ ದ್ವಿತೀಯ ಪಿಯುಸಿಯಲ್ಲಿ ಪರ್ಮಾಂಗನೇಟ್ ಟೈಟ್ರೇಶನ್ ಕೈಯಾರೆ ಮಾಡುತ್ತೀರಿ. ಕಾಗದದ ಮೇಲೆ (ಇ) ಸರಿಯಿದ್ದರೆ ಸಾಲದು, ಫ್ಲಾಸ್ಕಿನಲ್ಲೂ (ಇ)ಯೇ ನಡೆಯುವಂತೆ ನೋಡಿಕೊಳ್ಳಬೇಕು. ಮೇಲೆ ಹೇಳಿದ 25 ಮಿ.ಲೀ. ದ್ರಾವಣಕ್ಕೆ ಸುಮಾರು 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ 20 ಮಿ.ಲೀ. ಹಾಕಿ. ಲೆಕ್ಕದ ಪ್ರಕಾರ ಬೇಕಾದ ಹೈಡ್ರೋಜನ್ ಅಯಾನು 1 ಮಿಲಿಮೋಲ್‌ಗಿಂತ ತುಸು ಹೆಚ್ಚು, ನೀವು ಹಾಕುತ್ತಿರುವುದು 40ರ ಹತ್ತಿರ. ಇಷ್ಟು ಧಾರಾಳ ಏಕೆಂದರೆ ಆಮ್ಲ ಕಡಿಮೆಯಾದರೆ ಮ್ಯಾಂಗನೀಸ್ +2ಕ್ಕೆ ಇಳಿಯದೆ +4ರಲ್ಲಿ ನಿಂತು ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಆಗ ಎಲೆಕ್ಟ್ರಾನ್ 5 ಅಲ್ಲ, 3. ಇಲ್ಲಿ ಅದಕ್ಕಿಂತ ದೊಡ್ಡ ಕೇಡು ಬೇರೆ ಇದೆ. ಆ ಕಂದು ಪುಡಿ ಪೆರಾಕ್ಸೈಡ್ ಒಡೆಯುವುದಕ್ಕೆ ಒಳ್ಳೆಯ ವೇಗವರ್ಧಕ. ನಾವು ಕಾಗದದ ಮೇಲೆ ಕಳೆದು ತೆಗೆದೆವಲ್ಲ, "2 ಪೆರಾಕ್ಸೈಡ್ → ಆಕ್ಸಿಜನ್ + 2 ನೀರು" ಎಂಬ ಪರಕೀಯ ಸಮೀಕರಣ, ಅದು ಫ್ಲಾಸ್ಕಿನಲ್ಲಿ ನಿಜವಾಗಿಯೇ ಶುರುವಾಗುತ್ತದೆ. ಪೆರಾಕ್ಸೈಡ್ ಲೆಕ್ಕಕ್ಕೆ ಸಿಗದೆ ಹಾರಿಹೋಗುತ್ತದೆ. ಕಂದು ಛಾಯೆ ಕಂಡು, ಅಲುಗಾಡಿಸಿದರೂ ಹೋಗದಿದ್ದರೆ ಆ ಫ್ಲಾಸ್ಕ್ ಚೆಲ್ಲಿ ಹೊಸದು ಮಾಡಿ. ಆಮೇಲೆ ಆಮ್ಲ ಸುರಿದು ಸರಿಪಡಿಸಿದಂತೆ ಕಂಡರೂ ಹೋದ ಪೆರಾಕ್ಸೈಡ್ ವಾಪಸ್ ಬರುವುದಿಲ್ಲ.

ಆಕ್ಸಲಿಕ್ ಆಮ್ಲದಂತೆ ಇದನ್ನು 60–70 ಡಿಗ್ರಿಗೆ ಬಿಸಿ ಮಾಡಬೇಡಿ, ಪೆರಾಕ್ಸೈಡ್ ಒಡೆಯುತ್ತದೆ. ಮೊದಲ ಹನಿಗಳ ಬಣ್ಣ ನಿಧಾನವಾಗಿ ಹೋಗುತ್ತದೆ, ಮ್ಯಾಂಗನಸ್ ಅಯಾನು ಸ್ವಲ್ಪ ಹುಟ್ಟಿದ ಮೇಲೆ ಅದೇ ವೇಗ ಹೆಚ್ಚಿಸುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದ ಹನಿಹನಿಯಾಗಿ ಬಿಡಿ. ನಸುಗುಲಾಬಿ ಬಣ್ಣ 30 ಸೆಕೆಂಡ್ ನಿಂತರೆ ಮುಗಿಯಿತು. ದ್ರಾವಣ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್ ಓದುವಾಗ ದ್ರವದ ಮೇಲಂಚನ್ನು ಓದಿ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕ್ಲೋರೈಡ್ ತಾನೂ ಎಲೆಕ್ಟ್ರಾನ್ ಕೊಡಲು ನಿಲ್ಲುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲವಂತೂ ಸ್ವತಃ ಉತ್ಕರ್ಷಕ. ಅಂಗಡಿಯ ಪೆರಾಕ್ಸೈಡ್‌ಗೆ ಕೆಡದಂತೆ ಅಸಿಟನಿಲೈಡ್‌ನಂಥ ಸಾವಯವ ಪದಾರ್ಥ ಸೇರಿಸಿದ್ದರೆ ಅದೂ ಪರ್ಮಾಂಗನೇಟ್ ತಿನ್ನುತ್ತದೆ, ಆಗಲೂ ಉತ್ತರ ತುಸು ಹೆಚ್ಚು.

ಕೊನೆಗೆ, ಎಲೆಕ್ಟ್ರಾನ್ ವಿಧಾನವೂ ಒಂದೇ ಉತ್ತರ ಕೊಡದ ಸಂದರ್ಭ ಇದೆ. ಕ್ಲೋರೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಎರಡು ಕ್ರಿಯೆ ನಡೆಯಬಹುದು. ಒಂದರಲ್ಲಿ ಕ್ಲೋರೇಟ್ 5 ಎಲೆಕ್ಟ್ರಾನ್ ಪಡೆದು ಕ್ಲೋರಿನ್ ಆಗುತ್ತದೆ:

1 ಕ್ಲೋರೇಟ್ + 5 ಕ್ಲೋರೈಡ್ + 6 ಹೈಡ್ರೋಜನ್ ಅಯಾನು → 3 ಕ್ಲೋರಿನ್ + 3 ನೀರು

ಇನ್ನೊಂದರಲ್ಲಿ ಒಂದೇ ಎಲೆಕ್ಟ್ರಾನ್ ಪಡೆದು ಕ್ಲೋರಿನ್ ಡೈಆಕ್ಸೈಡ್‌ನಲ್ಲಿ ನಿಲ್ಲುತ್ತದೆ:

2 ಕ್ಲೋರೇಟ್ + 2 ಕ್ಲೋರೈಡ್ + 4 ಹೈಡ್ರೋಜನ್ ಅಯಾನು → 2 ಕ್ಲೋರಿನ್ ಡೈಆಕ್ಸೈಡ್ + 1 ಕ್ಲೋರಿನ್ + 2 ನೀರು

ಎರಡರಲ್ಲೂ ಕೊಟ್ಟವರು ಗೊತ್ತು, ಪಡೆದವರು ಗೊತ್ತು, ಎರಡೂ ಒಂದೇ ಪಾತ್ರೆಯಲ್ಲಿ ಒಟ್ಟೊಟ್ಟಿಗೆ ನಡೆಯುತ್ತವೆ. ಯಾವುದರ ಪಾಲು ಎಷ್ಟು ಎಂಬುದು ಆಮ್ಲ ಮತ್ತು ಕ್ಲೋರೈಡ್‌ಗಳ ಸಾರತೆ, ತಾಪಗಳ ಮೇಲೆ ನಿಂತಿದೆ. ಎರಡನ್ನೂ ಕೂಡಿಸಿ ಒಂದೇ ಸಮೀಕರಣ ಬರೆಯುವುದಾದರೆ ಹೊರಬಂದ ಅನಿಲದಲ್ಲಿ ಡೈಆಕ್ಸೈಡ್ ಎಷ್ಟು, ಕ್ಲೋರಿನ್ ಎಷ್ಟು ಎಂದು ಅಳೆದೇ ಸಹಗುಣಕ ಹಾಕಬೇಕು. ಆ ಅಳತೆಯನ್ನು ಕಾಲೇಜಿನ ಲ್ಯಾಬಿನಲ್ಲಿ ಪ್ರಯತ್ನಿಸಬೇಡಿ, ಕ್ಲೋರಿನ್ ಡೈಆಕ್ಸೈಡ್ ಸಾಂದ್ರವಾದರೆ ಸಿಡಿಯುವ ಅನಿಲ.